ಐವತ್ತು ಆಗದೇ ಇರೋರಿಗೆ ಹೊರದೇಶದ ಲಾಂಗ್ ಸ್ಟೇ ವೀಸಾ: ನಮ್ಮ ಕಾಫಿ ಸೀಮೆಯವರಿಗಾಗಿ

ನಮ್ಮ ಮೂಡಿಗೆರೆ ಸಕಲೇಶಪುರದ ಕಡೆ ಈಗ ಮೂವತ್ತು ನಲವತ್ತರ ಆಸುಪಾಸಿನವರು ತುಂಬ ಜನ ತೋಟದ ಮನೇಲೇ ಕೂತು ಕೆಲಸ ಮಾಡ್ತಾರೆ. ಕೋವಿಡ್ ಟೈಮಲ್ಲಿ ಬೆಂಗಳೂರಿಂದ ಲ್ಯಾಪ್‌ಟಾಪ್ ಎತ್ಕೊಂಡು ಬಂದೋರು ವಾಪಸ್ ಹೋಗ್ಲೇ ಇಲ್ಲ, ಅಪ್ಪಂಗೆ ಕೈಲಾಗಲ್ಲ ಅಂತ ತೋಟನೂ ನೋಡ್ಕೋತಾರೆ, ಮಧ್ಯಾಹ್ನ ಆದ್ಮೇಲೆ ಆಫೀಸ್ ಕಾಲ್‌ಗೂ ಕೂತ್ಕೋತಾರೆ. ಇವರಲ್ಲಿ ಸುಮಾರು ಜನಕ್ಕೆ ವರ್ಷದಲ್ಲಿ ನಾಲ್ಕಾರು ತಿಂಗಳು ಹೊರದೇಶದಲ್ಲಿ ಇದ್ದು ಬರ್ಬೇಕು ಅನ್ನೋ ಆಸೆ ಇದೆ, ಟೂರ್ ಪ್ಯಾಕೇಜಲ್ಲಿ ವಾರಕ್ಕೆ ಓಡಾಡ್ಕೊಂಡು ಬರೋದಲ್ಲ, ಮನೆ ಬಾಡಿಗೆಗೆ ತಗೊಂಡು ಸಂತೆಗೆ ಹೋಗಿ ತರಕಾರಿ ತಂದು ಅಡುಗೆ ಮಾಡ್ಕೊಂಡು ಅಲ್ಲಿಂದ್ಲೇ ಕೆಲಸ ಮಾಡ್ಕೊಂಡು ಇರೋದು. ನಾನೂ ನಮ್ಮನೆಯವರೂ ಥಾಯ್ಲೆಂಡ್‌ನ ಚಿಯಾಂಗ್ ಮಾಯಲ್ಲಿ ಹೀಗೆ ಇದ್ದು ಬಂದ್ಮೇಲಿಂದ ಯಾವ ಮದುವೆ ಮನೆಗೆ ಹೋದ್ರೂ ಯಾರಾದ್ರೂ ಒಬ್ರು ಪಕ್ಕಕ್ಕೆ ಕರೆದು "ಅಕ್ಕಾ ಯಾವ ವೀಸಾ ಅದು, ನಮಗೂ ಸಿಗುತ್ತಾ" ಅಂತ ಕೇಳ್ತಾರೆ. ಊಟದ ಎಲೆ ಮುಂದೆ ಕೂತು ಹೇಳಿ ಮುಗಿಯೋ ವಿಷ್ಯ ಅಲ್ಲ, ಅದಕ್ಕೆ ಇಲ್ಲಿ ಬರೀತಾ ಇದೀನಿ.

ಮೊದ್ಲು ರಿಟೈರ್‌ಮೆಂಟ್ ವೀಸಾ ವಿಷ್ಯ ಮುಗಿಸಿಬಿಡೋಣ, ಯಾಕಂದ್ರೆ ಯೂಟ್ಯೂಬಲ್ಲಿ ಎಲ್ಲಾರೂ ಅದನ್ನೇ ತೋರ್ಸೋದು. ಥಾಯ್ಲೆಂಡಲ್ಲಿ ಅದಕ್ಕೆ ಐವತ್ತು ವರ್ಷ ತುಂಬಿರ್ಬೇಕು, ಬ್ಯಾಂಕಲ್ಲಿ 8 ಲಕ್ಷ ಬಾತ್ (ಬಾತ್ ಅಂದ್ರೆ ಅಲ್ಲಿನ ದುಡ್ಡು) ಇಟ್ಟಿರ್ಬೇಕು ಇಲ್ಲಾಂದ್ರೆ ತಿಂಗಳಿಗೆ 65,000 ಬಾತ್ ವರಮಾನ ತೋರಿಸ್ಬೇಕು. ನಲವತ್ತೊಂಬತ್ತು ಆಗಿ ಕೋಟಿ ಇಟ್ಟಿದ್ರೂ ಆ ವೀಸಾ ಇಲ್ಲ. ದುಬೈದಂತೂ ಐವತ್ತೈದು.

ಹಾಗಾದ್ರೆ ಐವತ್ತು ಆಗದೇ ಇರೋರಿಗೆ ಏನಿದೆ ಅಂದ್ರೆ, ಈಗ ಬೇಕಾದಷ್ಟಿದೆ, ಆದ್ರೆ ಎಲ್ಲಾ ವೀಸಾನೂ ಸುತ್ತಿ ಬಳಸಿ ಕೇಳೋದು ಒಂದೇ ಪ್ರಶ್ನೆ: ನಿನಗೆ ದುಡ್ಡು ಎಲ್ಲಿಂದ ಬರುತ್ತೆ, ಅದನ್ನ ಕಾಗದದಲ್ಲಿ ತೋರಿಸು. ನಮ್ಮ ಕಾಫಿ ಸೀಮೆಯವರು ಸಿಕ್ಕಿ ಹಾಕ್ಕೊಳೋದು ಇಲ್ಲೇ. ನಮ್ಮಲ್ಲಿ ದುಡ್ಡಿಲ್ಲ ಅಂತಲ್ಲ, ಇರೋ ದುಡ್ಡು ವೀಸಾ ಆಫೀಸರ್‌ಗೆ ಅರ್ಥ ಆಗೋ ರೂಪದಲ್ಲಿ ಇರಲ್ಲ. ಯಾವ ದೇಶ ಯಾವ ವೀಸಾ ಅಂತ ಹುಡುಕೋಕೆ ಮುಂಚೆ ಇದನ್ನ ಸರಿ ಮಾಡ್ಕೋಬೇಕು ಅನ್ನೋದೇ ನಾನು ಮುಖ್ಯವಾಗಿ ಹೇಳ್ಬೇಕಾಗಿರೋದು.

ನಮ್ಮ ಚಿಕ್ಕಪ್ಪನ ಮಗನ ಕಥೆ ಹೇಳ್ತೀನಿ. ಹುಡುಗ ಬೆಂಗಳೂರಿನ ಒಂದು ಕಂಪನಿಗೆ ಮನೆಯಿಂದ್ಲೇ ಕೆಲಸ ಮಾಡ್ತಾನೆ, ಜೊತೆಗೆ ತೋಟ ಇದೆ, ನೋಡಿದವರು ಯಾರೂ ಇವನಿಗೆ ದುಡ್ಡಿನ ತೊಂದ್ರೆ ಅನ್ನಲ್ಲ. ಹಾಸನದ ಬ್ಯಾಂಕಿಗೆ ಹೋಗಿ ಆರು ತಿಂಗಳ ಸ್ಟೇಟ್‌ಮೆಂಟ್ ತಗೊಂಡ್ವಿ, ಪ್ರತಿ ಹಾಳೆಗೂ ಸೀಲ್ ಹಾಕಿಸ್ಕೊಂಡು ಹೊರಗೆ ಬಂದು ಕಾರಲ್ಲಿ ಕೂತು ನೋಡಿದ್ರೆ, ಸಂಬಳ ಬರೋ ಅಕೌಂಟಲ್ಲಿ ತಿಂಗಳ ಮೊದಲ ವಾರ ದುಡ್ಡು ಬರುತ್ತೆ, ಎರಡನೇ ವಾರಕ್ಕೆ ತೋಟದ ಕೂಲಿ, ಗೊಬ್ಬರ, ಡೀಸೆಲ್ ಅಂತ ಪೂರ್ತಿ ಖಾಲಿ. ಕಾಫಿ ದುಡ್ಡು ನೋಡೋಣ ಅಂದ್ರೆ ಅದು ಫೆಬ್ರವರಿ ಮಾರ್ಚಲ್ಲಿ ವ್ಯಾಪಾರಿಯಿಂದ ಒಂದೇ ಸಲಕ್ಕೆ ದೊಡ್ಡ ಮೊತ್ತ ಬಂದಿದೆ, ಅದೂ ಚಿಕ್ಕಪ್ಪನ ಅಕೌಂಟಿಗೆ. ಇನ್ನೊಂದು ಅಕೌಂಟು ಬೆಳೆಸಾಲದ್ದು, ಅದ್ರಲ್ಲಿ ಬ್ಯಾಲೆನ್ಸ್ ಮುಂದೆ ಮೈನಸ್ಸೇ ಇರುತ್ತೆ. ಪಹಣಿ ಇನ್ನೂ ತಾತನ ಹೆಸರಲ್ಲೇ ಇದೆ, ಭಾಗ ಆಗಿಲ್ಲ. ಊರಲ್ಲಿ ಸಾಹುಕಾರ್ರ ಮನೆ, ಕಾಗದದಲ್ಲಿ ಹುಡುಗನ ಹೆಸರಲ್ಲಿ ಏನೂ ಇಲ್ಲ.

ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಕೂಡ ಹಾಗೇನೇ. ಕಾಫಿ ಬೆಳೆದು ಹಾಗೇ ಚೆರ್ರಿನೋ (ಹಣ್ಣು ಇಡಿಯಾಗಿ ಒಣಗಿಸಿದ್ದು) ಪಾರ್ಚ್‌ಮೆಂಟೋ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ್ದು) ಮಾರಿದ್ರೆ ಅದು ಪೂರ್ತಿ ಕೃಷಿ ವರಮಾನ, ಅದಕ್ಕೆ ಕೇಂದ್ರದ ಟ್ಯಾಕ್ಸ್ ಇಲ್ಲ. ಬೆಳೆದೋರೇ ಕ್ಯೂರಿಂಗ್, ಅಂದ್ರೆ ಹೊಟ್ಟು ತೆಗೆದು ಬೀಜ ಹದ ಮಾಡೋದು, ಮಾಡಿಸಿ ಮಾರಿದ್ರೆ ಶೇಕಡಾ 25 ಭಾಗ, ಹುರಿದು ಪುಡಿ ಮಾಡಿ ಮಾರಿದ್ರೆ ಶೇಕಡಾ 40 ಭಾಗ ಬಿಸಿನೆಸ್ ವರಮಾನ ಅಂತ ಲೆಕ್ಕ, ಮಿಕ್ಕಿದ್ದು ಕೃಷಿ. ಹಾಗಾಗಿ ಕೃಷಿ ವರಮಾನ ಮಾತ್ರ ಇರೋರು ಎಷ್ಟೋ ಜನ ರಿಟರ್ನ್ ಫೈಲೇ ಮಾಡಲ್ಲ, ಮಾಡಿದ್ರೂ ಟ್ಯಾಕ್ಸ್ ಸೊನ್ನೆ ಅಂತ ತೋರಿಸುತ್ತೆ. ಇದ್ರಲ್ಲಿ ತಪ್ಪೇನಿಲ್ಲ, ಕಾನೂನೇ ಹಾಗಿದೆ, ಆದ್ರೆ ಬೇರೆ ದೇಶದ ಆಫೀಸರ್ ಆ ರಿಟರ್ನ್ ನೋಡಿದ್ರೆ ಅವರಿಗೆ ಕಾಣೋದು ವರಮಾನ ಇಲ್ಲದೋನು ಅಂತ. ಅದಕ್ಕೆ ನಾನು ಎಲ್ಲಾರಿಗೂ ಹೇಳೋದು, ವೀಸಾ ಬೇಕು ಅನ್ಸಿದ್ರೆ ಆರೇಳು ತಿಂಗಳು ಮೊದ್ಲೇ ಶುರು ಮಾಡಿ. ನಿಮ್ಮೊಬ್ಬರ ಹೆಸರಲ್ಲೇ ಒಂದು ಸೇವಿಂಗ್ಸ್ ಅಕೌಂಟ್ ಬೇರೆ ಇಡಿ, ತೋಟದ ಖರ್ಚು ಅದ್ರಿಂದ ಮಾಡ್ಬೇಡಿ, ಅಪ್ಪ ದುಡ್ಡು ಕೊಟ್ರೆ ಗಿಫ್ಟ್ ಡೀಡ್ ಅಂತ ಒಂದು ಕಾಗದ ಮಾಡಿಸಿ ಇಟ್ಕೊಳ್ಳಿ, ಕೃಷಿ ವರಮಾನ ಇದ್ರೂ ರಿಟರ್ನಲ್ಲಿ ತೋರಿಸಿ ಫೈಲ್ ಮಾಡಿ. ನಿಂತಿರೋ ದುಡ್ಡು ಬೇರೆ, ಅರ್ಜಿ ಹಾಕೋ ಹಿಂದಿನ ವಾರ ಬಂದು ಬಿದ್ದ ದುಡ್ಡು ಬೇರೆ, ಅದನ್ನ ನೋಡೋರಿಗೆ ತಕ್ಷಣ ಗೊತ್ತಾಗುತ್ತೆ.

ಬೆಂಗಳೂರಲ್ಲಿ ಒಬ್ಬ ಏಜೆಂಟ್ ಈ ಚಿಕ್ಕಪ್ಪನ ಮಗನಿಗೆ "ದುಡ್ಡು ತೋರ್ಸೋಕೆ ನಾವೇ ಹಾಕ್ತೀವಿ, ವೀಸಾ ಬಂದ್ಮೇಲೆ ವಾಪಸ್ ತಗೋತೀವಿ, ಕಮಿಷನ್ ಕೊಡಿ ಸಾಕು" ಅಂದಿದ್ದ. ದಯವಿಟ್ಟು ಇದಕ್ಕೆ ಹೋಗ್ಬೇಡಿ. ಅದು ಸುಳ್ಳು ದಾಖಲೆ, ಸಿಕ್ಕಿಬಿದ್ರೆ ನಿಮ್ಮ ಪಾಸ್‌ಪೋರ್ಟ್ ಹೆಸರು ಕೆಡುತ್ತೆ, ಏಜೆಂಟಂದಲ್ಲ.

ಈಗ ವೀಸಾ ವಿಷ್ಯಕ್ಕೆ ಬರ್ತೀನಿ. ನಾವು ಹೋಗಿದ್ದು ಡಿಟಿವಿ ಅಂತಾರಲ್ಲ, ಡೆಸ್ಟಿನೇಷನ್ ಥಾಯ್ಲೆಂಡ್ ವೀಸಾ, ಅದ್ರಲ್ಲಿ. ಇದು 2024ರ ಜುಲೈಯಲ್ಲಿ ಶುರುವಾಗಿದ್ದು. ಇಪ್ಪತ್ತು ವರ್ಷ ತುಂಬಿದ್ರೆ ಸಾಕು, ವೀಸಾ ಐದು ವರ್ಷಕ್ಕೆ, ಎಷ್ಟು ಸಲ ಬೇಕಾದ್ರೂ ಹೋಗಿ ಬರಬಹುದು, ಒಂದು ಸಲ ಒಳಗೆ ಹೋದ್ರೆ 180 ದಿನ ಇರಬಹುದು. ಫೀಸು 10,000 ಬಾತ್. ಉಳಿತಾಯ 5 ಲಕ್ಷ ಬಾತ್ ತೋರಿಸ್ಬೇಕು, ಅಂದ್ರೆ ರೇಟ್ ಯಾವ ಕಡೆ ಇದೆ ಅನ್ನೋದ್ರ ಮೇಲೆ ನಮ್ಮ ದುಡ್ಡಲ್ಲಿ ಹನ್ನೆರಡರಿಂದ ಹದಿನೈದು ಲಕ್ಷ ಅಂದ್ಕೊಳ್ಳಿ. ಈ ದುಡ್ಡನ್ನ ಥಾಯ್ಲೆಂಡಿಗೆ ಕಳ್ಸೋದೇನೂ ಬೇಡ, ನಮ್ಮೂರ ಬ್ಯಾಂಕಲ್ಲೇ ನಿಮ್ಮ ಹೆಸರಲ್ಲಿ ಇದ್ರೆ ಆಯ್ತು. ಕಂಪನಿ ಕೆಲಸದವರು ಥಾಯ್ಲೆಂಡ್‌ನದ್ದಲ್ಲದ ಕಂಪನಿಗೆ ದೂರದಿಂದ ಕೆಲಸ ಮಾಡ್ತೀನಿ ಅನ್ನೋ ಕಾಗದ ಕೊಡ್ಬೇಕು, ನಮ್ಮ ಇಂಡಿಯಾ ಕಂಪನಿನೂ ಆಗುತ್ತೆ, ಸ್ವಂತ ಕೆಲಸ ಮಾಡೋರು ಕಸ್ಟಮರ್ ಜೊತೆ ಮಾಡ್ಕೊಂಡ ಕಾಂಟ್ರಾಕ್ಟು, ಇನ್‌ವಾಯ್ಸು, ಮಾಡಿರೋ ಕೆಲಸದ ಮಾದರಿ ಎಲ್ಲಾ ಕೊಡ್ತಾರೆ. ಆಫೀಸಿಂದ ಪತ್ರ ತರುವಾಗ ಬರೀ "ಇವರು ನಮ್ಮಲ್ಲಿ ಕೆಲಸ ಮಾಡ್ತಾರೆ" ಅಂತ ಇದ್ರೆ ಸಾಲದು, ಹೊರದೇಶದಿಂದ ಕೆಲಸ ಮಾಡೋಕೆ ನಮ್ಮ ಒಪ್ಪಿಗೆ ಇದೆ ಅನ್ನೋ ಸಾಲು ಇರ್ಲೇಬೇಕು, ಎಷ್ಟೋ ಎಚ್‌ಆರ್‌ಗಳು ಅದನ್ನ ಬರೆದುಕೊಡೋಕೆ ಹಿಂದೆ ಮುಂದೆ ನೋಡ್ತಾರೆ, ಹಾಗಾಗಿ ಮೊದ್ಲು ಅಲ್ಲಿ ಮಾತಾಡಿ ಆಮೇಲೆ ಮುಂದಿನದ್ದು.

ರಿಮೋಟ್ ಕೆಲಸ ಇಲ್ಲದೋರಿಗೂ ಅದ್ರಲ್ಲೇ ಇನ್ನೊಂದು ದಾರಿ ಇದೆ. ಮುಯೆ ಥಾಯ್ ಅನ್ನೋ ಅವರ ಬಾಕ್ಸಿಂಗ್ ಕಲಿಯೋದು, ಥಾಯ್ ಅಡುಗೆ ಕಲಿಯೋದು, ಇಂಥದ್ದಕ್ಕೆ ಸೇರಿದ್ರೂ ಡಿಟಿವಿ ಕೊಡ್ತಾರೆ. ಬರೀ ತೋಟ ನೋಡ್ಕೊಳೋ ಹುಡುಗ್ರಿಗೆ ನಾನು ಹೇಳೋದು ಇದನ್ನೇ, ಆದ್ರೆ ವಾರದ ಕೋರ್ಸಿಗೆ ಸೇರಿದ್ರೆ ಆಗಲ್ಲ, ಸಾಮಾನ್ಯವಾಗಿ ಆರು ತಿಂಗಳ ಮಟ್ಟದ್ದು ಕೇಳ್ತಾರೆ. ಗಂಡ ಅಥವಾ ಹೆಂಡ್ತಿ, ಇಪ್ಪತ್ತು ಆಗದ ಮಕ್ಕಳು ಅವಲಂಬಿತರು ಅಂತ ಜೊತೆಗೆ ಬರಬಹುದು. ಅಪ್ಪ ಅಮ್ಮನ್ನ ಸೇರಿಸೋಕೆ ಆಗಲ್ಲ, ಇದು ನಮ್ಮವರಿಗೆ ಸ್ವಲ್ಪ ಬೇಜಾರಿನ ವಿಷ್ಯ. ಅರ್ಜಿ ಥಾಯ್ಲೆಂಡ್ ಹೊರಗಿದ್ದಾಗ್ಲೇ ಹಾಕ್ಬೇಕು, ಎಲ್ಲಾ ಆನ್‌ಲೈನಲ್ಲೇ ಅವರ ಇ-ವೀಸಾ ಸೈಟಲ್ಲಿ, ನಮ್ಮ ಕರ್ನಾಟಕದವರ ಫೈಲು ಚೆನ್ನೈ ಕಾನ್ಸುಲೇಟ್‌ಗೆ ಹೋಗುತ್ತೆ.

ನಮಗೆ ಈ ವೀಸಾ ಯಾಕೆ ಸರಿಹೋಯ್ತು ಅಂದ್ರೆ ತೋಟದ ಕ್ಯಾಲೆಂಡರಿಗೆ ಹೊಂದುತ್ತೆ. ನಮ್ಮಲ್ಲಿ ನವೆಂಬರಿಂದ ಅರೇಬಿಕಾ ಕೊಯ್ಲು, ಅದು ಮುಗಿಯೋಷ್ಟರಲ್ಲಿ ರೋಬಸ್ಟಾ, ಫೆಬ್ರವರಿ ಮಾರ್ಚಲ್ಲಿ ಹೂವಿನ ಮಳೆ ಬರುತ್ತೋ ಇಲ್ವೋ ಅಂತ ಆಕಾಶ ನೋಡ್ಕೊಂಡು ಸ್ಪ್ರಿಂಕ್ಲರ್ ಪೈಪು ಎಳೆದಾಡೋದು, ಅಷ್ಟೂ ತಿಂಗಳು ಮನೇಲಿ ಇರ್ಲೇಬೇಕು, ತೋಟದ ಕೆಲಸ ನೋಡ್ಕೊಳೋ ರೈಟರ್ ಮೇಲೆ ಬಿಟ್ಟು ಹೋಗೋಕಾಗಲ್ಲ. ಚಿಯಾಂಗ್ ಮಾಯಲ್ಲಿ ಫೆಬ್ರವರಿಯಿಂದ ಏಪ್ರಿಲ್ ತನಕ ಕಾಡಿಗೆ ಗದ್ದೆಗೆ ಬೆಂಕಿ ಹಾಕೋ ಸಮಯ, ಊರು ತುಂಬ ಹೊಗೆ, ಎದುರಿಗಿರೋ ದೊಯಿ ಸುತೆಪ್ ಬೆಟ್ಟನೇ ಕಾಣಲ್ಲ, ಜಗತ್ತಲ್ಲೇ ಕೆಟ್ಟ ಗಾಳಿ ಇರೋ ಊರುಗಳ ಪಟ್ಟಿಲಿ ಆ ದಿನಗಳಲ್ಲಿ ಅದ್ರ ಹೆಸರು ಬರ್ತಾ ಇರುತ್ತೆ. ಅವ್ರ ಕೆಟ್ಟ ತಿಂಗಳಲ್ಲಿ ನಮಗೆ ಮನೇಲಿ ಕೆಲಸ. ಗೊಬ್ಬರ ಹಾಕಿ, ಮಳೆ ಹಿಡಿಯೋ ಹೊತ್ತಿಗೆ ಹೊರಟು, ಕೊಯ್ಲಿಗೆ ಮುಂಚೆ ವಾಪಸ್. ಆಗ 180 ದಿನ ಧಾರಾಳ ಸಾಕು. ವರ್ಷಪೂರ್ತಿ ಅಲ್ಲೇ ಇರೋ ವೀಸಾಗೆ ದುಡ್ಡು ಸುರಿಯೋ ಅಗತ್ಯನೇ ಇಲ್ಲ.

ಅಂಥ ದುಬಾರಿ ವೀಸಾಗಳೂ ಇದಾವೆ. ಥಾಯ್ಲೆಂಡ್ ಪ್ರಿವಿಲೇಜ್ ಅಂತ, ಮೊದ್ಲು ಇಲೀಟ್ ಅಂತಿದ್ರು, ಮೆಂಬರ್‌ಶಿಪ್ ದುಡ್ಡು ಕಟ್ಟಿದ್ರೆ ವೀಸಾ. ಐದು ವರ್ಷದ ಗೋಲ್ಡ್ ಕಾರ್ಡಿಗೆ 9 ಲಕ್ಷ ಬಾತ್, ಹತ್ತು ವರ್ಷದ ಪ್ಲಾಟಿನಮ್ 15 ಲಕ್ಷ ಬಾತ್. ಡಿಟಿವಿಗೆ ತೋರ್ಸೋ ದುಡ್ಡು ನಿಮ್ಮ ಹತ್ರನೇ ಉಳಿಯುತ್ತೆ, ಇದು ಕೊಟ್ಟ ಮೇಲೆ ಹೋಯ್ತು ಅಷ್ಟೇ. ನನ್ನ ಕೇಳಿದ್ರೆ ಬೇಡ. ಎಲ್‌ಟಿಆರ್ ಅಂತ 2022ರ ಸೆಪ್ಟೆಂಬರಲ್ಲಿ ಬಂದ ಹತ್ತು ವರ್ಷದ ವೀಸಾ ಇದೆ, ಫೀಸು 50,000 ಬಾತ್, ಅದ್ರಲ್ಲಿ ಹೊರದೇಶದ ಕಂಪನಿಗೆ ಕೆಲಸ ಮಾಡೋರ ವಿಭಾಗಕ್ಕೆ ವರ್ಷಕ್ಕೆ 80,000 ಡಾಲರ್ ವರಮಾನದ ಲೆಕ್ಕ ಇಟ್ಟಿದಾರೆ, ಕಂಪನಿನೂ ದೊಡ್ಡದಿರ್ಬೇಕು. ಆ ಮಟ್ಟದ ಸಂಬಳ ಇರೋರು ನೋಡಿ, ಒಳ್ಳೆ ವೀಸಾನೇ ಅದು. ಭಾಷೆ ಕಲಿಯೋ ಹೆಸರಲ್ಲಿ ಕೊಡೋ ಸ್ಟೂಡೆಂಟ್ ವೀಸಾ ಒಂದಿದೆ, ನಿಜವಾಗ್ಲೂ ಕಲಿಯೋ ಮನಸ್ಸಿದ್ರೆ ಮಾತ್ರ ತಗೊಳ್ಳಿ, ಮುಂದುವರಿಸೋಕೆ ಹೋದಾಗ ಕೌಂಟರಲ್ಲೇ ಥಾಯಲ್ಲಿ ಪ್ರಶ್ನೆ ಕೇಳ್ತಾರೆ.

ಥಾಯ್ಲೆಂಡ್ ಬಿಟ್ರೆ ಮಲೇಷ್ಯಾದ ಡಿಇ ರಂತಾವ್ ಪಾಸ್, ದೂರದಿಂದ ಕೆಲಸ ಮಾಡೋರಿಗೆ ಕೊಡೋದು, ನಮ್ಮವರಿಗೆ ಚೆನ್ನಾಗಿ ಹೊಂದುತ್ತೆ. ಮೂರರಿಂದ ಹನ್ನೆರಡು ತಿಂಗಳಿಗೆ ಕೊಡ್ತಾರೆ, ಇನ್ನೂ ಹನ್ನೆರಡು ತಿಂಗಳು ಮುಂದುವರಿಸಬಹುದು, ಸಾಫ್ಟ್‌ವೇರ್ ಡಿಜಿಟಲ್ ಕೆಲಸದವರಿಗೆ ವರ್ಷಕ್ಕೆ 24,000 ಡಾಲರ್ ವರಮಾನ ಇದ್ರೆ ಸಾಕು, ಬೇರೆ ಕೆಲಸದವರಿಗೆ 60,000 ಡಾಲರ್. ಕೌಲಾಲಂಪುರದಲ್ಲಿ ಇಡ್ಲಿ ದೋಸೆಗೆ ಅಲೆಯೋ ಹಾಗಿಲ್ಲ, ಮಕ್ಕಳಿರೋ ಮನೆಯವರಿಗೆ ನಾನು ಅದನ್ನೇ ಮೊದ್ಲು ಹೇಳ್ತೀನಿ. ಅದೇ ದೇಶದ ಎಂಎಂ2ಎಚ್ (ಮಲೇಷ್ಯಾ ಮೈ ಸೆಕೆಂಡ್ ಹೋಮ್) ಅನ್ನೋದು ಬೇರೆ, ಅದ್ರ ಸಿಲ್ವರ್ ದರ್ಜೆಗೇ 1.5 ಲಕ್ಷ ಡಾಲರ್ ಡಿಪಾಸಿಟ್ ಇಟ್ಟು ಮನೆನೂ ಕೊಳ್ಬೇಕು. ಇಂಡೋನೇಷ್ಯಾದ ರಿಮೋಟ್ ವರ್ಕರ್ ವೀಸಾ ಒಂದು ವರ್ಷಕ್ಕೆ, ವರಮಾನ ವರ್ಷಕ್ಕೆ 60,000 ಡಾಲರ್ ಬೇಕು, ಬಾಲಿ ಬಾಲಿ ಅಂತ ಕುಣಿಯೋ ಹುಡುಗ್ರು ಈ ನಂಬರ್ ಮೊದ್ಲು ನೋಡಿ. ದುಬೈಯ ರಿಮೋಟ್ ವೀಸಾ ಒಂದು ವರ್ಷ, ತಿಂಗಳಿಗೆ 3,500 ಡಾಲರ್. ಪೋರ್ಚುಗಲ್‌ನ ಡಿ8 ಅನ್ನೋ ರಿಮೋಟ್ ವೀಸಾ ಅವರ ಕನಿಷ್ಠ ವೇತನದ ನಾಲ್ಕು ಪಟ್ಟು ಕೇಳುತ್ತೆ. ಜಪಾನ್ 2024ರಲ್ಲಿ ಇಂಥದ್ದೇ ನೋಮ್ಯಾಡ್ ವೀಸಾ ತಂದಾಗ ನಮ್ಮ ಕಡೆ ತುಂಬ ಜನ ಖುಷಿ ಪಟ್ರು, ಆದ್ರೆ ಜಪಾನಿಗೆ ವೀಸಾ ಇಲ್ದೆ ಹೋಗೋ ಸೌಲಭ್ಯ ಇರೋ ದೇಶದವರಿಗೆ ಮಾತ್ರ ಅದು, ನಮ್ಮ ಪಾಸ್‌ಪೋರ್ಟಿಗೆ ಬರಲ್ಲ.

ಇನ್ನು ಕೆಲವರು ಕೇಳೋದು, ಇಷ್ಟೆಲ್ಲಾ ಯಾಕೆ, ವೀಸಾ ಇಲ್ದೇನೇ ಬಿಡ್ತಾರಲ್ಲ, ಅದು ಮುಗಿದಾಗ ಲಾವೋಸ್ ಗಡಿ ದಾಟಿ ವಾಪಸ್ ಬಂದ್ರೆ ಆಯ್ತಲ್ಲ ಅಂತ. ಒಂದು ಸಲ ಆಗಬಹುದು. ಪದೇ ಪದೇ ಹಾಗೆ ಮಾಡೋರನ್ನ ಗಡಿಯಲ್ಲೇ ನಿಲ್ಲಿಸಿ ವಾಪಸ್ ಕಳ್ಸೋ ಅಧಿಕಾರ ಇಮಿಗ್ರೇಷನ್ನವರಿಗೆ ಇದೆ, ಬಾಡಿಗೆ ಮನೇಲಿ ನಿಮ್ಮ ಸಾಮಾನು, ನೀವು ಗಡಿಯ ಈ ಕಡೆ, ಯಾರಿಗೆ ಹೇಳ್ತೀರಾ. ಅವಧಿ ಮೀರಿ ಉಳಿದ್ರೆ ದಿನಕ್ಕೆ 500 ಬಾತ್ ದಂಡ, ಜಾಸ್ತಿ ಅಂದ್ರೆ 20,000. 90 ದಿನಕ್ಕಿಂತ ಜಾಸ್ತಿ ಮೀರಿದ್ರೆ ತಾವಾಗೇ ಬಂದು ಒಪ್ಪಿಸ್ಕೊಂಡ್ರೂ ಒಂದು ವರ್ಷ ಆ ದೇಶಕ್ಕೆ ಕಾಲಿಡೋ ಹಾಗಿಲ್ಲ, ಪೊಲೀಸರಿಗೆ ಸಿಕ್ಕಿಬಿದ್ರೆ ಮೀರಿದ್ದು ಕಮ್ಮಿ ದಿನ ಆದ್ರೂ ಐದು ವರ್ಷ. ಇದ್ರಲ್ಲಿ ರಾಜಿ ಮಾಡ್ಕೊಳೋಕೆ ಏನೂ ಇಲ್ಲ.

ಕೆಲಸದ ವಿಷ್ಯದಲ್ಲೂ ಅಷ್ಟೇ ಕಟ್ಟುನಿಟ್ಟು, ಇದನ್ನ ನಾನು ಕಣ್ಣಾರೆ ನೋಡಿದೀನಿ. ಚಿಯಾಂಗ್ ರಾಯ್ ಕಡೆ ದೊಯಿ ಚಾಂಗ್ ಅಂತ ಬೆಟ್ಟದೂರು, ಅಖಾ ಮತ್ತೆ ಲಿಸು ಜನ ಅರೇಬಿಕಾ ಬೆಳೀತಾರೆ. ಹಿಂದೆ ಆ ಬೆಟ್ಟಗಳಲ್ಲಿ ಅಫೀಮು ಬೆಳೀತಿದ್ರು, 1969ರಲ್ಲಿ ರಾಜ ಭೂಮಿಬೊಲ್ ಶುರುಮಾಡಿದ ರಾಯಲ್ ಪ್ರಾಜೆಕ್ಟ್ ಥರದ ಯೋಜನೆಗಳಿಂದ ಕಾಫಿ, ಹಣ್ಣು, ತರಕಾರಿ ಬಂತು. ಅಲ್ಲಿ ಒಬ್ರ ಮನೆ ಹಿಂದೆ ಹಣ್ಣಿನ ಸಿಪ್ಪೆ ತೆಗೆಯೋ ಪಲ್ಪರ್ ಮೆಷಿನ್ ಓಡ್ತಾ ಇತ್ತು, ಪಾರ್ಚ್‌ಮೆಂಟ್ ಬಿದಿರಿನ ತಟ್ಟಿ ಮೇಲೆ ಒಣಗೋಕೆ ಹಾಕಿದ್ರು, ನಮ್ಮ ಹಾಗೆ ಕಣದ ಮೇಲೆ ಹರಡಲ್ಲ, ನೆಲದಿಂದ ಸೊಂಟದೆತ್ತರಕ್ಕೆ, ಕೆಳಗಿಂದಲೂ ಗಾಳಿ ಆಡುತ್ತೆ. ನಮ್ಮನೆಯವರಿಗೆ ಕೈ ಸುಮ್ನಿರಲಿಲ್ಲ, ಕಪ್ಪಗಿದ್ದ ಕಾಳು ಆರಿಸೋಕೆ ಹೋದ್ರು. ಆ ಯಜಮಾನ ನಗ್ತಾನೇ ಕೈ ಹಿಡಿದು ಪಕ್ಕಕ್ಕೆ ಕೂರ್ಸಿ ಟೀ ಕೊಟ್ರು, ಅವರ ಮಗಳು ಇಂಗ್ಲಿಷಲ್ಲಿ ಹೇಳಿದ್ಲು, ಹೊರಗಿನವರು ಕೆಲಸ ಮಾಡ್ತಾ ಇದಾರೆ ಅಂತ ಯಾರಾದ್ರೂ ಫೋಟೋ ಹಾಕಿದ್ರೆ ನಮಗೂ ನಿಮಗೂ ತೊಂದ್ರೆ ಅಂತ. ಪರ್ಮಿಟ್ ಇಲ್ದೆ ಕೆಲಸ ಮಾಡಿದ್ರೆ 5,000ದಿಂದ 50,000 ಬಾತ್ ದಂಡ ಹಾಕಿ ದೇಶದಿಂದ ಕಳಿಸ್ತಾರೆ, ಸಂಬಳ ತಗೊಂಡಿಲ್ಲ ಸ್ನೇಹಕ್ಕೆ ಮಾಡಿದ್ದು ಅಂದ್ರೆ ಅದು ಉತ್ತರ ಆಗಲ್ಲ. ಫ್ರೆಂಡ್ ಕೆಫೆಲಿ ನಮ್ಮ ಫಿಲ್ಟರ್ ಕಾಫಿ ಮಾಡಿ ಕೊಡ್ತೀನಿ ಅಂತ ನಿಲ್ಲೋಕೂ ಹೋಗ್ಬೇಡಿ. ಅಲ್ಲಿ ಜಮೀನು ತಗೊಂಡು ತೋಟ ಮಾಡೋಣ ಅಂತ ಕನಸು ಕಾಣೋರಿಗೂ ಹೇಳ್ತೀನಿ, ವಿದೇಶಿಯರು ಅಲ್ಲಿ ಭೂಮಿ ಕೊಳ್ಳೋ ಹಾಗಿಲ್ಲ, ಕಾಂಡೋಮಿನಿಯಂ ಫ್ಲಾಟ್ ಕೊಳ್ಳಬಹುದು, ಅದೂ ಇಡೀ ಕಟ್ಟಡದಲ್ಲಿ ಶೇಕಡಾ 49ರ ಒಳಗೆ.

ಹೋದ ಮೇಲೆ ಮಾಡ್ಬೇಕಾದ ಸಣ್ಣಪುಟ್ಟದ್ದು: ಮನೆ ಓನರ್ ನೀವು ಬಂದ 24 ಗಂಟೆ ಒಳಗೆ ಟಿಎಂ30 ಅನ್ನೋ ಫಾರಂನಲ್ಲಿ ಇಮಿಗ್ರೇಷನ್ನಿಗೆ ತಿಳಿಸ್ಬೇಕು, ಮನೆ ಒಪ್ಕೊಳೋ ಮುಂಚೆ ಅದನ್ನ ಮಾಡ್ತೀರಾ ಅಂತ ಕೇಳಿ. ಸತತ 90 ದಿನ ದಾಟಿದ್ರೆ ವಿಳಾಸ ತಿಳಿಸೋ ರಿಪೋರ್ಟು ನೀವೇ ಕೊಡ್ಬೇಕು. ಡಿಟಿವಿ ಹೆಲ್ತ್ ಇನ್ಶೂರೆನ್ಸ್ ಕಡ್ಡಾಯ ಮಾಡಿಲ್ಲ, ಆದ್ರೂ ಮಾಡಿಸ್ಕೊಂಡು ಹೋಗಿ, ಮಳೆಗಾಲದಲ್ಲಿ ಅಲ್ಲಿ ಡೆಂಗ್ಯೂ ಜಾಸ್ತಿ, ಮತ್ತೆ ಹುಡುಗ್ರೆಲ್ಲಾ ಬಾಡಿಗೆ ಸ್ಕೂಟರಲ್ಲೇ ಓಡಾಡೋದು.

ಟ್ಯಾಕ್ಸ್ ವಿಷ್ಯ ಯಾರೂ ಕೇಳಲ್ಲ, ಆದ್ರೆ ದೊಡ್ಡ ಹೊಡೆತ ಬೀಳೋದು ಅಲ್ಲೇ. ಥಾಯ್ಲೆಂಡಲ್ಲಿ ಜನವರಿಯಿಂದ ಡಿಸೆಂಬರ್ ಒಳಗೆ ಒಟ್ಟು 180 ದಿನ ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಟ್ಯಾಕ್ಸ್ ಲೆಕ್ಕಕ್ಕೆ ಅಲ್ಲಿನ ನಿವಾಸಿ (ಟ್ಯಾಕ್ಸ್ ರೆಸಿಡೆಂಟ್) ಆಗ್ತೀರಾ, 2024ರಿಂದ ಹೊರಗೆ ದುಡಿದು ಅಲ್ಲಿಗೆ ತರಿಸ್ಕೊಂಡ ದುಡ್ಡಿಗೂ ಟ್ಯಾಕ್ಸ್ ಲೆಕ್ಕ ಬರುತ್ತೆ. ನಮ್ಮಲ್ಲಿ ಏಪ್ರಿಲಿಂದ ಮಾರ್ಚ್ ಒಳಗೆ 182 ದಿನ ಇದ್ರೆ ಇಲ್ಲಿನ ಟ್ಯಾಕ್ಸ್ ರೆಸಿಡೆಂಟ್. ಎರಡು ಕ್ಯಾಲೆಂಡರ್ ಬೇರೆ ಬೇರೆ ಆಗಿರೋದ್ರಿಂದ ಪಾಸ್‌ಪೋರ್ಟ್ ಸೀಲ್ ನೋಡ್ಕೊಂಡು ಎರಡು ಲೆಕ್ಕನೂ ಬರೆದಿಟ್ಕೊಬೇಕು, ಅಲ್ಲಿ 180 ಮುಟ್ಟೋಕೆ ಮುಂಚೆ ಹೊರಟುಬಿಡೋದು ನಮ್ಮ ಪದ್ಧತಿ. ಇಲ್ಲಿಂದ ದುಡ್ಡು ಕಳಿಸೋರು ಒಂದು ಆರ್ಥಿಕ ವರ್ಷಕ್ಕೆ 2.5 ಲಕ್ಷ ಡಾಲರ್ ತನಕ ಕಳಿಸಬಹುದು, 10 ಲಕ್ಷ ರೂಪಾಯಿ ದಾಟಿದ ಮೇಲೆ ಇಂಥ ಖರ್ಚಿಗೆ ಬ್ಯಾಂಕಿನವರು ಶೇಕಡಾ 20 ಟಿಸಿಎಸ್ ಅಂತ ಮುಂಗಡ ಟ್ಯಾಕ್ಸ್ ಹಿಡೀತಾರೆ, ಆಮೇಲೆ ರಿಟರ್ನಲ್ಲಿ ಹೊಂದಿಸ್ಕೋಬಹುದು.

ತೋಟ ಇರೋರು ಇನ್ನೊಂದನ್ನ ತಿಳ್ಕೊಂಡೇ ಹೊರಡ್ಬೇಕು. ಕೆಲವು ತಿಂಗಳಿಗೆ ಹೋಗಿ ಬರೋರಿಗೆ ತೊಂದ್ರೆ ಇಲ್ಲ, ಆದ್ರೆ ಹೊರದೇಶದಲ್ಲೇ ನೆಲೆಸಿ ಎನ್‌ಆರ್‌ಐ ಆಗಿಬಿಟ್ರೆ ಆಮೇಲೆ ಇಲ್ಲಿ ಕೃಷಿ ಜಮೀನು, ಕಾಫಿ ತೋಟ, ಫಾರ್ಮ್‌ಹೌಸ್ ಹೊಸದಾಗಿ ಕೊಳ್ಳೋ ಹಾಗಿಲ್ಲ. ಮೊದ್ಲೇ ಹೆಸರಲ್ಲಿ ಇದ್ದದ್ದು ಇಟ್ಕೋಬಹುದು, ಅಪ್ಪನಿಂದ ವಾರಸುದಾರಿಕೆಯಲ್ಲಿ ಬಂದ್ರೂ ಸರಿ, ಪಕ್ಕದ ತೋಟ ಮಾರಾಟಕ್ಕೆ ಬಂತು ಅಂತ ತಗೊಳೋಕೆ ಆಗಲ್ಲ. ಚಿಕ್ಕಪ್ಪಂಗೆ ಇದನ್ನ ಹೇಳಿದ ಮೇಲೇನೇ ಅವರು ಪೌತಿ ಖಾತೆ (ತೀರಿಹೋದವರ ಜಮೀನನ್ನ ವಾರಸುದಾರರ ಹೆಸರಿಗೆ ಮಾಡ್ಸೋದು) ಮಾಡ್ಸಿ ಭಾಗದ ಕಾಗದ ಬರೆಸೋಕೆ ಒಪ್ಪಿದ್ದು. ಹುಡುಗನ ಹೊಸ ಅಕೌಂಟಲ್ಲಿ ದುಡ್ಡು ನಿಂತು ಈಗ ಕೆಲವು ತಿಂಗಳಾಯ್ತು, ಆಫೀಸಿನ ಪತ್ರನೂ ಬಂದಿದೆ, ಹೋದ ವಾರ ಅರ್ಜಿ ಹಾಕಿದ್ವಿ. ಚೆನ್ನೈಯಿಂದ ಇನ್ನೇನಾದ್ರೂ ದಾಖಲೆ ಕೇಳಿದ್ರೆ ಯಾವುದು, ಯಾಕೆ ಅಂತ ಇದೇ ಪೋಸ್ಟ್ ಕೆಳಗೆ ಸೇರಿಸ್ತೀನಿ.